ಅಜ್ಜಿಯ ಬಲಗೈ ಬಳೆಗಳು

ಹಸಿರು ಗಾಜಿನ ಬಳೆಗಳ ಸದ್ದು ಕೇಳಿದರೆ ಇಂದಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಯರಗುಪ್ಪಿಯ ನಮ್ಮ ಮನೆಯಲ್ಲಿ ಲಕ್ವಾ ಹೊಡೆದ ಅಜ್ಜಿ ಮಂಚದ ಮೇಲೆ ಮಲಗಿದ್ದಳು. ಸ್ವಾಧೀನ ತಪ್ಪಿದ ಬಲಗೈ ಜೋತುಬಿದ್ದು ಊದಿ, ಬಳೆಗಳು ಚರ್ಮದಲ್ಲಿ ಹೂತುಹೋಗಿದ್ದವು.

ಒಂದು ಮಧ್ಯಾಹ್ನ ಬಂದ ನರ್ಸಬಾಯಿ, "ಕೈ ಹಿಂಗ ಜೋತುಬಿಟ್ರ ನೀರು ಇಳಿತೈತ್ರಿ. ದಿಂಬಿನ ಮ್ಯಾಲ ಎತ್ತಿಡ್ರಿ. ಮೊದ್ಲ ಈ ಬಳಿ ಒಡದು ತಗೀರಿ" ಎಂದಳು.

ಅಜ್ಜಿಯ ಹಿರಿಸೊಸೆ ದೊಡ್ಡವ್ವ ಸಿಡುಕಿದಳು. "ಮಾವ ಗುಂಡುಕಲ್ಲಿನಂಗ ಅದಾರ. ಮುತ್ತೈದಿ ಕೈ ಬೋಳ ಮಾಡು ಅಂತೀರೇನು?"

ಕೈಗೆ ದಿಂಬು ಸಿಕ್ಕಿತು, ಬಳೆ ಉಳಿದವು. ಅಜ್ಜ ಎಲೆ ಅಡಿಕೆ ಹಾಕಿಕೊಂಡು ಕುಳಿತ. ಮಾತು ನಿಂತಿದ್ದ ಅಜ್ಜಿ ಸಂಜೆಯವರೆಗೂ ಎಡಗೈಯಿಂದ ಬಳೆಗಳನ್ನು ಎಳೆಯುತ್ತಲೇ ಇದ್ದಳು.

ಮರುವರ್ಷ ಅಜ್ಜ ತೀರಿಕೊಂಡ. ಅಂದು ಅದೇ ದೊಡ್ಡವ್ವ ಮುಂದೆ ನಿಂತು ಆ ಬಳೆಗಳನ್ನೆಲ್ಲ ಒಡೆಸಿದಳು. ಎರಡು ನಿಮಿಷವೂ ಹಿಡಿಯಲಿಲ್ಲ.