ಹುಟ್ಟದ ಎರಡು ಹಲ್ಲು

ಕಾಲು ತೊಳೆಯಲು ಕೊಟ್ಟ ಚೊಂಬನ್ನೇ ಕಿತ್ತುಕೊಂಡು ಪೂರ್ಣೇಶ್ ತಂಗಿಯ ಗಂಡನ ಬಾಯಿಗೆ ಬೀಸಿದ. ನೀರು ಜಗಲಿಗೆಲ್ಲ ಚೆಲ್ಲಿತು. ಕಿರಣ್ ಮೆಟ್ಟಿಲ ಮೇಲೆ ಕುಸಿದ. ಅಂಗಿಯ ಮುಂಭಾಗ ಕೆಂಪಾಯಿತು.

"ಹೆಂಗಿರತ್ತೆ? ನನ್ನ ತಂಗಿ ಮಗಳಿಗೂ ಹಿಂಗೇ ಆಗಿತ್ತಲ್ಲ!"

ಮೇಳಿಗೆ ಊರಿನಲ್ಲಿ ಮನೆಗೆ ಬಂದವರಿಗೆ ಮೊದಲು ನೀರು, ಮಾತು ಆಮೇಲೆ. ಪೂರ್ಣೇಶ್ ನೀರನ್ನೂ ಪೂರ್ತಿ ಕೊಡಲಿಲ್ಲ. ಅವನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಆ ತಾಮ್ರದ ಚೊಂಬಿನ ಹೊಟ್ಟೆಯಲ್ಲಿದ್ದ ಹಳೆಯ ನೆಗ್ಗು ಕೂಡ ಅವನ ಕೈಗುಣವೇ. ತಂಗಿ ಚೈತ್ರಾ ಬಾಣಂತನಕ್ಕೆ ಬಂದಿದ್ದಾಗ, ಗಂಡನ ಮನೆಗೆ ಬೇಗ ಹೊರಡುತ್ತೇನೆಂದಳೆಂದು ಸಿಡಿದು, ಕಂಬಕ್ಕೆ ಎಸೆದಿದ್ದ. ಎಸೆದ ಮೇಲೆ ತಿರುಗಿ ನೋಡುವ ಜಾಯಮಾನ ಅವನದಲ್ಲ. ದಡದಡನೆ ಹೊರಟುಹೋಗಿದ್ದ.

ಈಗಿನ ಸಿಟ್ಟಿಗೆ ಮಾತ್ರ ಕಾರಣವಿತ್ತು. ಚೈತ್ರಾಳ ಮಗಳು ಧನ್ಯಶ್ರೀಗೆ ಒಂಬತ್ತು ತುಂಬುತ್ತ ಬಂದಿದ್ದರೂ ಮೇಲಿನ ಎರಡು ಮುಂದಿನ ಹಲ್ಲುಗಳಿರಲಿಲ್ಲ. ಹಾಲುಹಲ್ಲು ಬಿದ್ದಾಗ ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆದಿದ್ದೇವೆ, ಹುಟ್ಟುತ್ತವೆ ಎಂದು ಚೈತ್ರಾ ಎರಡು ವರ್ಷದಿಂದ ಅದೇ ರಾಗ ಹಾಡುತ್ತಿದ್ದಳು. ರಜೆಗೆ ಬಂದ ಮಗುವನ್ನು ಪೂರ್ಣೇಶ್ ಕೇಳಿದಾಗ ಅದು ಅಮ್ಮನ ಮುಖ ನೋಡಿತು. ಅವನಿಗೆ ಅಷ್ಟೇ ಸಾಕಾಯಿತು. ಯಾರೋ ಹೊಡೆದಿದ್ದಾರೆ, ಅವರನ್ನು ಉಳಿಸಲು ತಂಗಿ ಸುಳ್ಳು ಹೇಳುತ್ತಿದ್ದಾಳೆ. ಗಂಡನಲ್ಲದೆ ಇನ್ಯಾರು?

"ಕೂಸು ಇನ್ನು ಇಲ್ಲೇ ಇರ್ತದೆ. ಕರ್ಕೊಂಡ್ ಹೋಗಕ್ಕೆ ಬಂದ್ರೆ ಕಾಲು ಮುರೀತೀನಿ!"

ಕಿರಣ್ ಅಂಗೈಗೆ ಉಗುಳಿದ. ರಕ್ತದ ಜೊತೆ ಒಂದು ಹಲ್ಲೂ ಬಂತು. ಎಡಗೈಯಿಂದ ಚೀಲದೊಳಗಿನ ಎಕ್ಸ್‌ರೇ ತೆಗೆದು ಚಾಚಿದ.

"ಇನ್ನೂ ಹೊಡೀರಿ ಭಾವ, ಆದ್ರೆ ಇದನ್ನ ನೋಡಿ ಹೊಡೀರಿ. ಒಳಗೆ ಹೊಸ ಹಲ್ಲೇ ಇಲ್ಲ. ಮಗು ಒಂದು ವರ್ಷದೊಳಗೆ ಇದ್ದಾಗ ದವಡೆಗೆ ಜೋರು ಪೆಟ್ಟು ಬಿದ್ದಿರಬೇಕು, ಹಲ್ಲಿನ ಮೊಳಕೆ ಆಗಲೇ ಸತ್ತಿದೆ ಅಂದ್ರು ತೀರ್ಥಹಳ್ಳಿ ಡಾಕ್ಟ್ರು. ಆವಾಗ ನಾನು ಮಸ್ಕತ್‌ನಲ್ಲಿದ್ದೆ. ಮಗು ಇದೇ ಮನೇಲಿತ್ತು."

ಪೂರ್ಣೇಶ್ ಎಕ್ಸ್‌ರೇಯನ್ನು ಬಿಸಿಲಿಗೆ ಹಿಡಿದ. ಹಲ್ಲಿನ ಸಾಲಿನ ನಡುವೆ ಎರಡು ಕಡೆ ಬರೀ ಕಪ್ಪು. ಮನುಷ್ಯ ಒರಟ, ಆದರೆ ಆ ಮಗುವೆಂದರೆ ಅವನಿಗೆ ಪ್ರಾಣ. ಜಗಲಿಯ ಬೆಂಚನ್ನು ಒದ್ದು ಅಂಗಳಕ್ಕೆ ಉರುಳಿಸಿದ. ಗೋಡೆಗೆ ಸಿಕ್ಕಿಸಿದ್ದ ಕತ್ತಿ ಕೈಗೆ ಬಂತು.

"ನಮ್ಮನೇಲಾ? ಯಾರವ? ಹೆಸರು ಹೇಳು ಚೈತ್ರಾ! ಆ ಕೈಯನ್ನ ಕಡಿದು ನಾಯಿಗೆ ಹಾಕ್ತೀನಿ!"

ಬಾಗಿಲಲ್ಲಿ ಮಗಳನ್ನು ಅವುಚಿಕೊಂಡು ನಿಂತಿದ್ದ ಚೈತ್ರಾ ಹೊರಗೆ ಬಂದಳು. ಅಂಗಳಕ್ಕೆ ಉರುಳಿದ್ದ ಚೊಂಬನ್ನು ಎತ್ತಿಕೊಂಡಳು. ಅದಕ್ಕೆ ಅಂಟಿದ್ದ ಗಂಡನ ರಕ್ತವನ್ನು ಸೆರಗಿನಿಂದ ಒರೆಸಿ, ನೆಗ್ಗಿದ ಭಾಗವನ್ನು ಅಣ್ಣನ ಕಡೆಗೆ ತಿರುಗಿಸಿ ಹಿಡಿದಳು.

"ಅವತ್ತು ಇದು ಕಂಬಕ್ಕೆ ಬಡಿಯೋ ಮೊದ್ಲು ನನ್ನ ಮಡಿಲಲ್ಲಿದ್ದ ಕೂಸಿನ ಬಾಯಿಗೆ ಬಡೀತು, ಅಣ್ಣಾ."