ತಲೆಕೆಳಗಾದ ವಕೀಲ

ಜಾಲತಾಣಕ್ಕೆ ಹಾಕಿದ ಗಂಡನ ಫೋಟೋ ಈ ಸಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಯಿತು. ವಕೀಲನ ಹೆಂಡತಿ ಫೋನನ್ನು ಸೋಫಾದ ಮೇಲೆ ಒಗೆದಳು. "ಇವರ ಮುಖ ಕಂಡ್ರೆ ಸಾಕು, ಸರ್ಕಾರದ ಯಂತ್ರ ಅಳಿಸಿಬಿಡುತ್ತೆ ಅತ್ತೆ!"

ಠಾಣೆಯಲ್ಲಿ ಸತ್ತ ಕೂಲಿಯವನ ಕೇಸು ಹಿಡಿದದ್ದಕ್ಕೆ ಪೊಲೀಸರು ವಕೀಲನನ್ನೇ ಎತ್ತಿಕೊಂಡು ಹೋಗಿದ್ದರು. ಕೇಳಲು ಹೋದರೆ, ಅಂಥವರು ಯಾರೂ ನಮ್ಮಲ್ಲಿಲ್ಲ ಎಂಬ ಉತ್ತರ. ಇವತ್ತು ಮಧ್ಯಾಹ್ನ ಗುಟ್ಟಾಗಿ ಕೋರ್ಟಿಗೆ ತರುತ್ತಾರೆಂದು ಅವನ ಗೆಳೆಯನೊಬ್ಬ ಬೆಳಿಗ್ಗೆ ಬಂದು ಪಿಸುಗುಟ್ಟಿದ್ದ. ನಾಲ್ಕು ಜನ ಕಣ್ಣಾರೆ ಕಂಡರೆ ಆಮೇಲೆ ಇಲ್ಲವೆನ್ನಲಾಗದು. ಆ ನಾಲ್ಕು ಜನರಿಗೆ ತಿಳಿಸುವುದು ಹೇಗೆ?

"ಕೊಡೇ ಇಲ್ಲಿ, ನಾನೂ ಒಂದು ಕೈ ನೋಡ್ತೀನಿ." ಅತ್ತೆ ಗೋಡೆಯ ಮೇಲಿದ್ದ ಮಗನ ಫೋಟೋ ಇಳಿಸಿ, ಧೂಳು ಒರೆಸಿ, ಊಟದ ಮೇಜಿನ ಮೇಲೆ ಮಲಗಿಸಿ, ಆಚೆ ಬದಿಗೆ ನಿಂತು ಕ್ಲಿಕ್ಕಿಸಿದರು. ಕೆಳಗೆ ಬರೆದರು: ನನ್ನ ಮಗ. ಮಧ್ಯಾಹ್ನ ಕೋರ್ಟಿಗೆ ಬರ್ತಾನೆ. ನೀವೂ ಬನ್ನಿ.

"ಅಯ್ಯೋ ಅತ್ತೆ, ತಲೆಕೆಳಗಾಗಿ ಹೋಯ್ತಲ್ಲ!"

"ಹೋದ್ರೆ ಹೋಗ್ಲಿ ಬಿಡು. ಹುಟ್ಟುವಾಗ್ಲೂ ಅವನು ಹಾಗೇ ಬಂದಿದ್ದು."

ಇಬ್ಬರೂ ಫೋನನ್ನೇ ನೋಡುತ್ತ ಕೂತರು. ಒಲೆಯ ಮೇಲೆ ಹಾಲು ಉಕ್ಕಿತು, ಯಾರೂ ಏಳಲಿಲ್ಲ. ಫೋಟೋ ಮಾತ್ರ ಇದ್ದಲ್ಲೇ ಇತ್ತು. ಮುಖ ಹುಡುಕಿ ಅಳಿಸುವ ಸರ್ಕಾರದ ಯಂತ್ರಕ್ಕೆ ತಲೆಕೆಳಗಾದ ಮುಖದ ಗುರುತೇ ಹತ್ತಲಿಲ್ಲ! ಸೊಸೆ ಅತ್ತೆಯ ಎರಡೂ ಕೈ ಹಿಡಿದು ಗಿರಗಿರನೆ ಸುತ್ತಿಸಿದಳು. "ಬಿಡೇ ಹುಚ್ಚಿ, ನಾನೂ ತಲೆಕೆಳಗಾಗ್ತೀನಿ!" ಎಂದು ಅತ್ತೆ ಕೂಗಿದರು, ಕೈ ಮಾತ್ರ ಬಿಡಲಿಲ್ಲ.

ಪೊಲೀಸ್ ವ್ಯಾನು ಬರುವ ಹೊತ್ತಿಗೆ ಕೋರ್ಟಿನ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಬೇಕರಿಯವನು, ದರ್ಜಿ, ಸತ್ತ ಕೂಲಿಯವನ ತಂಗಿ, ಗುರುತು ಪರಿಚಯವಿಲ್ಲದ ಎಷ್ಟೋ ಜನ. ಎಲ್ಲರ ಕೈಯಲ್ಲೂ ಆ ಫೋಟೋದ ಪ್ರಿಂಟು, ಬಂದ ಹಾಗೆಯೇ, ತಲೆಕೆಳಗಾಗಿ. ಇಳಿದು ಬಂದ ವಕೀಲ ಸೊರಗಿ ಕಡ್ಡಿಯಾಗಿದ್ದ. ಕತ್ತು ವಾರೆ ಮಾಡಿ ತನ್ನನ್ನೇ ತಾನು ನೋಡಿಕೊಂಡವನು, ಬೇಡಿ ಹಾಕಿದ ಕೈಗಳಿಂದಲೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಹೆಂಡತಿ ನಕ್ಕಳು, ಅಮ್ಮ ನಕ್ಕರು, ಮೆಟ್ಟಿಲಿಗೆ ಮೆಟ್ಟಿಲೇ ನಕ್ಕಿತು.

ಇನ್‌ಸ್ಪೆಕ್ಟರರ ಮುಖ ಕೆಂಪಾಯಿತು. "ಏನ್ರೀ ಇದು ಹುಡುಗಾಟ? ಕೋರ್ಟು ಅಂದ್ರೆ ಮರ್ಯಾದೆ ಬೇಡ್ವಾ? ಎಲ್ರೂ ಫೋಟೋ ನೆಟ್ಟಗೆ ಹಿಡೀರಿ!"

ಸರ್ಕಾರದ ಅಪ್ಪಣೆ ಮೀರುವುದುಂಟೇ? ನೂರಾರು ಕೈಗಳು ಒಟ್ಟಿಗೆ ತಿರುಗಿದವು.