ಪೂರ್ವಕ್ಕೆ 240, ಉತ್ತರಕ್ಕೆ 100

ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಸೊಸೆ ಕಪಾಟಿನ ಮೇಲಿದ್ದ, ಮಟ್ಟ ನೋಡುವ ರಸಮಟ್ಟವನ್ನು ಕೆಳಗಿಳಿಸಿದಳು. ಕಪಾಟು ಓರೆಯಾಗಿದೆ ಎಂದು ಗಂಡ ಯಾವನೋ ಗಾರೆಯವನಿಂದ ಕೇಳಿ ತಂದಿದ್ದ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಅವನದೇ ಅಕ್ಷರ: "ನಮ್ಮ ಬಾಗಿಲಿಂದ ಪೂರ್ವಕ್ಕೆ 240 ಹೆಜ್ಜೆ, ಉತ್ತರಕ್ಕೆ 100. ಶುಕ್ರವಾರವೇ ಕೊಡಬೇಕು. ಪಾಪ, ಅವನ ಕೆಲಸ ನಿಂತಿದೆ."

ಆ ಶುಕ್ರವಾರ ಕಳೆದು ಐದು ದಿನವಾಗಿತ್ತು.

"ಹೆಸರು ಬರೆದಿಲ್ವಾ?" ಎಂದರು ಅತ್ತೆ.

"ಅವರಿಗೆ ಯಾರ ಹೆಸರು ನೆನಪಿತ್ತು ಅತ್ತೆ?" ಗಣಿತದ ಮೇಷ್ಟ್ರಾಗಿ ಹತ್ತು ವರ್ಷ, ಮಕ್ಕಳನ್ನು 'ಮೂರನೇ ಸಾಲು, ಎರಡನೆಯವನೇ' ಎಂದೇ ಕರೆದ ಮನುಷ್ಯ.

"ಎಷ್ಟು ದೂರ ಆಗತ್ತೆ, ಲೆಕ್ಕ ಹಾಕು. ನನ್ನ ಮಂಡಿ ಮುನ್ನೂರು ಹೆಜ್ಜೆಗೆ ಕೈಕೊಡತ್ತೆ."

ಸೊಸೆ ಚೀಟಿಯ ಹಿಂದೆ ಪೂರ್ವಕ್ಕೊಂದು ಗೆರೆ, ಅದರ ತುದಿಯಿಂದ ಉತ್ತರಕ್ಕೊಂದು ಗೆರೆ ಎಳೆದಳು. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದಳು. "ಇನ್ನೂರ ಅರವತ್ತು."

"ಹಾಗಾದ್ರೆ ನಾನೂ ಬರ್ತೀನಿ. ಒಬ್ಬಳೇ ಹೋದ್ರೆ ದಾರೀಲಿ ಸಿಕ್ಕೋರೆಲ್ಲ ನಿಲ್ಲಿಸಿ ನಿಲ್ಲಿಸಿ ಅಳಿಸ್ತಾರೆ."

ಅವಳು ಎಣಿಸುತ್ತ ನಡೆದಳು. ಇನ್ನೂರ ನಲವತ್ತಕ್ಕೆ ಎಡಕ್ಕೆ ತಿರುಗಬೇಕು. ಎಡಕ್ಕಿದ್ದದ್ದು ಪಂಕ್ಚರ್ ಅಂಗಡಿಯ ಗೋಡೆ.

"ಇನ್ನು ಇಪ್ಪತ್ತು ತಾನೆ?" ಅತ್ತೆ ಏದುಸಿರು ಬಿಟ್ಟರು.

"ನೂರು, ಅತ್ತೆ."

"ಇನ್ನೂರ ಅರವತ್ತು ಅಂದೆ!"

"ಅದು ನೇರವಾಗಿ ಹೋದ್ರೆ."

"ಮನೆಗಳ ಮೇಲೆ ಹಾರ್ಕೊಂಡು ಹೋಗೋಕೆ ನಂಗೇನು ರೆಕ್ಕೆ ಇದ್ಯಾ? ಓದಿದ ಸೊಸೇನ ತಂದಿದ್ದಕ್ಕೆ ಇರೋ ಮಂಡೀನೂ ಹೋಯ್ತು!" ಅತ್ತೆ ಗೋಡೆಗೆ ಒರಗಿ ಸುಧಾರಿಸಿಕೊಂಡರು. ಆಮೇಲೆ ಕೇಳಿದರು, "ಅಲ್ವೇ, ಚೀಟೀಲಿರೋದು ಯಾರ ಹೆಜ್ಜೆ? ಅವನದಾ, ನಿಂದಾ?"

ಸೊಸೆ ನಿಂತಲ್ಲೇ ನಿಂತಳು. ಅವನು ಮೂರು ಹೆಜ್ಜೆ ಇಡುವಷ್ಟರಲ್ಲಿ ಅವಳು ನಾಲ್ಕು ಇಡಬೇಕಿತ್ತು. ಮದುವೆಯಾದಂದಿನಿಂದ ಅವನ ಪಕ್ಕದಲ್ಲಿ ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು.

"ಅವರ ಇನ್ನೂರ ನಲವತ್ತು ಅಂದ್ರೆ ನನ್ನ ಮುನ್ನೂರ ಇಪ್ಪತ್ತು. ಇನ್ನೂ ಎಂಬತ್ತು ಹೋಗಿ ತಿರುಗಬೇಕು," ಎಂದಳು.

"ನಡಿ. ಹೋದ ಮಂಡಿ ಹೋಯ್ತು." ಅತ್ತೆ ಅವಳ ತೋಳು ಹಿಡಿದುಕೊಂಡರು.

ಎಂಬತ್ತಕ್ಕೆ ಸರಿಯಾಗಿ ಓಣಿ ಸಿಕ್ಕಿತು. ಓಣಿಯ ಕೊನೆಯಲ್ಲಿ ಸೊಂಟದೆತ್ತರಕ್ಕೆ ಎದ್ದು ನಿಂತುಹೋದ ಗೋಡೆ, ಅದರ ಮೇಲೆ ಕೈಕಟ್ಟಿ ಕೂತ ಗಾರೆಯವನು. ಕೆಲಸಕ್ಕೆಂದು ಪರವೂರಿನಿಂದ ಬಂದವನು. ಇಲ್ಲಿಯ ಸುದ್ದಿ ಅವನಿಗೆ ಹೇಳುವವರಿರಲಿಲ್ಲ. ಅವರ ಮುಖಕ್ಕಿಂತ ಮೊದಲು ಅವನಿಗೆ ರಸಮಟ್ಟ ಕಂಡಿತು.

"ಅಂತೂ ಬಂತಪ್ಪಾ! ಒಂದೇ ದಿನಕ್ಕೆ ಅಂತ ತಗೊಂಡು ಹೋದ ಮೇಷ್ಟ್ರು ಪತ್ತೇನೇ ಇಲ್ಲ. ಮುಖ ತೋರಿಸೋಕೆ ನಾಚ್ಕೆಯಾಗಿ ಹೆಂಗಸರನ್ನ ಕಳಿಸಿದ್ರಾ?" ಎಂದು ನಗತೊಡಗಿದ.

ಸೊಸೆ ರಸಮಟ್ಟವನ್ನು ಅವನ ಕೈಗಿಟ್ಟಳು.

ಅತ್ತೆ ಇಟ್ಟಿಗೆ ರಾಶಿಯ ಮೇಲೆ ಕೂತು ಮಂಡಿ ನೀವಿಕೊಂಡರು. "ಮೂರು ಲೋಟ ನೀರು ತಗೊಂಡು ಬಾಪ್ಪ," ಎಂದರು. "ನಿಂಗೂ ಒಂದು ಬೇಕಾಗತ್ತೆ."